ಹೆದ್ದಾರಿ ಬದಿಯ ಹಳೇ ಕಲ್ಲು ಕಾಣೆಯಾಗುವ ಮೊದಲು ದಾಖಲಿಸುವುದು ಹೇಗೆ

ಉತ್ತರ ಕನ್ನಡ ಜಿಲ್ಲೆಯಲ್ಲಿ ಮಾಜಾಳಿಯಿಂದ ಭಟ್ಕಳದವರೆಗಿನ ಹೆದ್ದಾರಿ 66ರ ಬದಿಯಲ್ಲಿ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ದಾರಿಯಲ್ಲಿ ವೀರಗಲ್ಲು (ಕಾದಾಡಿ ಮಡಿದವರ ನೆನಪಿನ ಕಲ್ಲು), ಮಾಸ್ತಿಕಲ್ಲು (ಸತಿ ಹೋದವಳ ನೆನಪಿನ ಕಲ್ಲು), ಮೈಲಿಗಲ್ಲು ಕಣ್ಣಿಗೆ ಬಿದ್ದರೆ ಮೊದಲು ಮಾಡಬೇಕಾದ್ದು ಅದನ್ನು ಮುಟ್ಟದೆ ಬಿಡುವುದು. ಕಲ್ಲು ಎಲ್ಲಿ ನಿಂತಿದೆ, ಯಾವ ಕಡೆ ಮುಖ ಮಾಡಿದೆ ಎಂಬುದರಲ್ಲೇ ಅದರ ಅರ್ಧ ಚರಿತ್ರೆ ಇದೆ. ರಸ್ತೆ ಅಗಲ ಮಾಡುವಾಗ ಎತ್ತಿ ದೇವಸ್ಥಾನದ ಅಂಗಳದಲ್ಲಿಟ್ಟ ಕಲ್ಲು ಉಳಿಯುತ್ತದೆ, ಅದರ ಜಾಗ ಉಳಿಯುವುದಿಲ್ಲ.

ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಮಳೆಗಾಲದ ಹಾವಸೆ ಅಷ್ಟರಲ್ಲಿ ಒಣಗಿರುತ್ತದೆ. ಕಲ್ಲಿಗೆ ಪೂಜೆ ನಡೆಯುತ್ತಿದ್ದರೆ ಪೂಜೆ ಮಾಡುವವರನ್ನು ಕೇಳಿಯೇ ಮುಂದುವರಿಯಿರಿ. ಊರವರು ಅದನ್ನು ಜಟಗ, ಮಾಸ್ತಿ ಎಂದೆಲ್ಲ ಕರೆಯಬಹುದು. ಆ ಹೆಸರನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ.

ಜಾಗ ಗುರುತಿಸಲು ಮೊಬೈಲಿನ ಅಕ್ಷಾಂಶ, ರೇಖಾಂಶವನ್ನು ದಶಮಾಂಶದ ನಂತರ ಐದು ಅಂಕಿಗಳವರೆಗೆ ಬರೆಯಿರಿ. ಮರದಡಿಯಲ್ಲಿ ಅದು ಹತ್ತಾರು ಮೀಟರ್ ತಪ್ಪಬಹುದು. ಹಾಗಾಗಿ ಬಾವಿ, ಮೋರಿ, ಮನೆಯ ಮೂಲೆಯಂಥ ಎರಡು ಸ್ಥಿರ ಗುರುತುಗಳಿಂದ ಟೇಪಿನಲ್ಲಿ ದೂರ ಅಳೆಯಿರಿ. ರಸ್ತೆ ಬದಲಾಗುವುದೇ ಇರುವುದರಿಂದ ಡಾಂಬರಿನ ಅಂಚಿನಿಂದ ಮಾತ್ರ ಅಳೆದರೆ ಪ್ರಯೋಜನವಿಲ್ಲ. ನೆಲದ ಮೇಲಿನ ಎತ್ತರ, ಅಗಲ, ದಪ್ಪ, ಮುಖದ ದಿಕ್ಕು, ಸರ್ವೆ ನಂಬರ್ ಇಷ್ಟೂ ಬೇಕು.

ಹೆಚ್ಚಿನವರು ಸೋಲುವುದು ಫೋಟೋದಲ್ಲಿ. ಪೂರ್ವಕ್ಕೆ ಮುಖವಿರುವ ಕಲ್ಲಿಗೆ ಬೆಳಗಿನ ಬಿಸಿಲು ನೇರವಾಗಿ ಬೀಳುವುದರಿಂದ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಅದಕ್ಕೆ ನಡುಮಧ್ಯಾಹ್ನ ಮೇಲಿನಿಂದ ಜಾರುವ ಬೆಳಕೇ ಚೆನ್ನ. ಸವೆದ ಅಕ್ಷರಗಳಿದ್ದರೆ ಕತ್ತಲಾದ ಮೇಲೆ ಮೊಬೈಲನ್ನು ಸ್ಟ್ಯಾಂಡಿನಲ್ಲಿ ಕದಲದಂತೆ ನಿಲ್ಲಿಸಿ, ಟಾರ್ಚನ್ನು ಕಲ್ಲಿನ ಮೈಗೆ ತಾಗಿದಂತೆ ಓರೆಯಾಗಿ ಹಿಡಿದು ಎಡ, ಬಲ, ಮೇಲೆ, ಕೆಳಗೆ ಹೀಗೆ ನಾಲ್ಕು ಚಿತ್ರ ತೆಗೆಯಿರಿ. ಒಂದರಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಕಾಣುತ್ತದೆ. ಗಾತ್ರ ತಿಳಿಯಲು ಪಕ್ಕದಲ್ಲಿ 30 ಸೆಂ.ಮೀ. ಅಳತೆಪಟ್ಟಿ ಇರಲಿ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ, ಮೈದಾ, ಸುಣ್ಣ ಬಳಿಯಲೇಬೇಡಿ. ಅದು ಸಣ್ಣ ರಂಧ್ರಗಳಲ್ಲಿ ಕೂತುಬಿಡುತ್ತದೆ, ಜೊತೆಗೆ ನೀವು ಊಹಿಸಿದ ಗೆರೆಯೇ ಮುಂದಿನವರಿಗೆ ಶಾಸನವಾಗುತ್ತದೆ.

ಹಾವಸೆ ಓದಲು ಅಡ್ಡಿಯಾದರೆ ಬರೀ ನೀರು, ಮೆತ್ತಗಿನ ನಾರಿನ ಬ್ರಷ್ಷು ಸಾಕು. ತಂತಿಬ್ರಷ್, ಆಸಿಡ್, ಬ್ಲೀಚಿಂಗ್ ಪುಡಿ ಬೇಡ. ಚಿರೆಕಲ್ಲು, ಅಂದರೆ ಮೆದುವಾದ ಕೆಂಪು ಜಂಬಿಟ್ಟಿಗೆಯಾದರೆ ಅದನ್ನೂ ಮಾಡಬೇಡಿ, ಮೇಲ್ಪದರವೇ ಉದುರುತ್ತದೆ. ಬುಡಕ್ಕೆ ಸಿಮೆಂಟ್ ಕಟ್ಟೆ ಕಟ್ಟುವುದು ಭಕ್ತಿಯಿಂದಲೇ ಆದರೂ ಕಲ್ಲಿಗೆ ಕೇಡು: ನೆಲದ ತೇವ, ಉಪ್ಪು ಹೊರಗೆ ಹೋಗಲಾರದೆ ಕಲ್ಲಿನ ಮೂಲಕವೇ ಮೇಲೇರಿ ಮೈ ಪುಡಿಯಾಗುತ್ತದೆ.

ಮೈಲಿಗಲ್ಲಿನ ಲೆಕ್ಕ ಬೇರೆ. ಎರಡೂ ಮುಖದ ಅಂಕಿ ಕೂಡಿಸಿ. ಕುಮಟಾ–ಶಿರಸಿ ಸುಮಾರು 60 ಕಿ.ಮೀ. ಎರಡು ಮುಖದಲ್ಲಿ ಈ ಎರಡು ಊರುಗಳಿದ್ದು ಮೊತ್ತ 37ರ ಆಸುಪಾಸು ಬಂದರೆ ಅದು ಮೈಲಿ, ಅಂದರೆ ಮೆಟ್ರಿಕ್ ಅಳತೆ ರಸ್ತೆಗೆ ಬರುವ ಮೊದಲಿನ ಕಲ್ಲು. ಕರಾವಳಿಯ ಕಲ್ಲಿನಲ್ಲಿ ರಾ.ಹೆ. (ರಾಷ್ಟ್ರೀಯ ಹೆದ್ದಾರಿ) 17 ಎಂದಿದ್ದರೆ ಅದು ಹೆದ್ದಾರಿಗೆ 66 ಎಂಬ ಸಂಖ್ಯೆ ಬರುವುದಕ್ಕಿಂತ ಹಿಂದಿನದು. ಬಣ್ಣದ ಪದರ ಕೆರೆಯಬೇಡಿ, ಓರೆ ಬೆಳಕಿನಲ್ಲಿ ಅಡಿಯ ಅಂಕಿಯ ಅಂಚು ಕಾಣುತ್ತದೆ.

ಕಾಮಗಾರಿ ಹತ್ತಿರ ಬಂದಿದ್ದರೆ ಚಿತ್ರ, ಅಳತೆಗಳ ಸಮೇತ ಗ್ರಾಮ ಪಂಚಾಯಿತಿ, ತಹಶೀಲ್ದಾರ್ ಕಚೇರಿ, ರಾಜ್ಯ ಪುರಾತತ್ವ ಇಲಾಖೆ ಮೂರಕ್ಕೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತು ಗುತ್ತಿಗೆದಾರ ಬದಲಾದ ದಿನವೇ ಮುಗಿಯುತ್ತದೆ. ಸ್ಥಳಾಂತರ ಅನಿವಾರ್ಯವೆಂದು ಇಲಾಖೆಯೇ ಹೇಳಿದರೂ ಜೆಸಿಬಿಯ ಸರಪಳಿ ನೇರವಾಗಿ ಸುತ್ತಲು ಬಿಡಬೇಡಿ. 120 ಸೆಂ.ಮೀ. ಎತ್ತರ, 50 ಅಗಲ, 20 ದಪ್ಪದ ಗ್ರಾನೈಟ್ ಕಲ್ಲು ಸುಮಾರು 325 ಕೆ.ಜಿ. ತೂಗುತ್ತದೆ, ಹೂತ ಭಾಗ ಬೇರೆ. ಸುತ್ತ ಕೈಯಲ್ಲಿ ಅಗೆದು ಬುಡ ಪೂರ್ತಿ ಬಿಡಿಸಿ, ಗೋಣಿಚೀಲ ಸುತ್ತಿ, ಅಗಲವಾದ ಬಟ್ಟೆಯ ಬೆಲ್ಟು ಎರಡು ಕಡೆ ಹಾಕಿ ಎತ್ತಬೇಕು. ಹೊಸ ಜಾಗದಲ್ಲಿ ಮುಖ ಹಳೇ ದಿಕ್ಕಿಗೇ ಇರಲಿ, ಮೂಲ ಜಾಗದ ಅಳತೆ ಪಕ್ಕದ ಫಲಕದಲ್ಲಿ ಬರೆದಿರಲಿ.