ಈ ಬಿಸಿಲಿಗೆ ಚಾಕೊಲೇಟ್ ಮೊಟ್ಟೆ ಬೇಡ, ಗೋಡಂಬಿ ಮೊಟ್ಟೆ ಮಾಡಿ

ಈಸ್ಟರ್ ಮೊಟ್ಟೆ ಅಂದ ಕೂಡಲೇ ಮಕ್ಕಳು ಚಾಕೊಲೇಟೇ ಬೇಕು ಅಂತ ಹಟ ಹಿಡಿಯುತ್ತಾರೆ. ದಾವಣಗೆರೆಯಲ್ಲಿ ಅದು ಆಗದ ಮಾತು. ಈಸ್ಟರ್, ಅಂದರೆ ನಮ್ಮ ಪಾಸ್ಕ ಹಬ್ಬ, ಬರುವುದೇ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ, ಆಗ ಇಲ್ಲಿ ಬಿಸಿಲು ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಚಾಕೊಲೇಟಿನಲ್ಲಿರುವ ಕೋಕೋ ಬೆಣ್ಣೆ 34 ಡಿಗ್ರಿ ಸುಮಾರಿಗೇ ಕರಗುತ್ತದೆ. ಕರಗಬಾರದು ಅಂತ ಕೆಲವರು ಕಾಂಪೌಂಡ್ ಚಾಕೊಲೇಟ್ ತರುತ್ತಾರೆ. ಅದರಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಎಣ್ಣೆ ಇರುತ್ತದೆ, ತಿಂದರೆ ಬಾಯೆಲ್ಲ ಮೇಣ ಮೆತ್ತಿದ ಹಾಗೆ. ದಯವಿಟ್ಟು ತರಬೇಡಿ.

ನನಗೆ ಈಸ್ಟರ್ ಅಂದರೆ ಮಾರ್ಜಿಪಾನ್ ಮೊಟ್ಟೆ. ಮಾರ್ಜಿಪಾನ್ ಅಂದರೆ ಬಾದಾಮಿ ಪುಡಿಗೆ ಸಕ್ಕರೆ ಸೇರಿಸಿ ಕಲಸಿದ ಸಿಹಿ ಮುದ್ದೆ. ಯುರೋಪಿನಲ್ಲಿ ಅದನ್ನು ಬಾದಾಮಿಯಲ್ಲಿ ಮಾಡುತ್ತಾರೆ, ನಮ್ಮಲ್ಲಿ ಗೋಡಂಬಿ. ಬ್ರೆಜಿಲ್‌ನಿಂದ ಗೋಡಂಬಿ ಗಿಡವನ್ನು 16ನೇ ಶತಮಾನದಲ್ಲಿ ಪೋರ್ಚುಗೀಸರು ತಂದರಲ್ಲ, ನನ್ನ ಲೆಕ್ಕದಲ್ಲಿ ರುಚಿಯೂ ಅದರದ್ದೇ ಜಾಸ್ತಿ.

ಬೇಕಾಗಿದ್ದು ಇಷ್ಟೇ: 250 ಗ್ರಾಂ ಗೋಡಂಬಿ, 175 ಗ್ರಾಂ ಸಕ್ಕರೆ, 80 ಮಿಲಿ ನೀರು, ಒಂದು ಚಮಚ ರೋಸ್ ವಾಟರ್, ಕೈಗೆ ಸವರಲು ಬೆಣ್ಣೆ. ಇಡೀ ಗೋಡಂಬಿಗೆ ದುಡ್ಡು ಸುರಿಯಬೇಡಿ, ಮಂಡಿಪೇಟೆಯಲ್ಲಿ ಚೂರು ತಂದರೆ ಸಾಕು. ಮುಗ್ಗಲು ವಾಸನೆ ಇದೆಯಾ ಅಂತ ಒಂದು ಚೂರು ಬಾಯಿಗೆ ಹಾಕಿ ನೋಡಿಯೇ ತನ್ನಿ.

ಮೊದಲು ಪುಡಿ. ಕೆಡುವುದು ಇಲ್ಲಿಂದಲೇ ಶುರು. ಮಿಕ್ಸಿಯನ್ನು ಒಂದೇ ಸಮ ಓಡಿಸಿದರೆ ಗೋಡಂಬಿ ಬಿಸಿಯಾಗಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಎರಡು ಸೆಕೆಂಡ್ ತಿರುಗಿಸಿ, ನಿಲ್ಲಿಸಿ, ಜಾರ್ ಅಲ್ಲಾಡಿಸಿ, ಮತ್ತೆ ತಿರುಗಿಸಿ. ಫ್ರಿಜ್ಜಿನಿಂದ ತೆಗೆದ ತಣ್ಣನೆ ಗೋಡಂಬಿ ಹಾಕಬೇಡಿ, ನೀರು ಬೆವೆತು ಅಂಟುತ್ತದೆ. ಆಮೇಲೆ ಜರಡಿ ಹಿಡಿಯಿರಿ. ಜರಡಿ ಬೇಡ ಅಂತ ಬಿಟ್ಟವರ ಮೊಟ್ಟೆ ಯಾವತ್ತೂ ನುಣುಪಾಗಿದ್ದನ್ನು ನಾನು ನೋಡಿಲ್ಲ.

ಈಗ ಪಾಕ. ನಮ್ಮ ಓಣಿಯಲ್ಲಿ ಹೋದ ವರ್ಷ ಮೂರು ಮನೆಯಲ್ಲಿ ಮಾಡಿದರು, ಮೂರೂ ಕಡೆ ಕೆಟ್ಟಿದ್ದು ಇಲ್ಲೇ. ದಪ್ಪ ತಳದ ಬಾಣಲೆಯಲ್ಲಿ ಸಕ್ಕರೆ, ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಒಂದೆಳೆ ಪಾಕ ಬಂದ ಕೂಡಲೇ ಉರಿ ಆರಿಸಿ ಪುಡಿ ಸುರಿದು ಗಂಟಿಲ್ಲದಂತೆ ಕಲಸಿ, ಮತ್ತೆ ಸಣ್ಣ ಉರಿ ಹಚ್ಚಿ. ಇನ್ನು ಫೋನ್ ಬಂದರೂ ಎತ್ತಬೇಡಿ, ಕೈ ನಿಲ್ಲಬಾರದು. ಮೊದಲು ದೋಸೆ ಹಿಟ್ಟಿನ ಹಾಗಿರುತ್ತದೆ, ಆಮೇಲೆ ಬಾಣಲೆಯ ಅಂಚು ಬಿಡುತ್ತದೆ, ಕೊನೆಗೆ ಸೌಟಿನ ಜೊತೆ ಒಂದೇ ಮುದ್ದೆಯಾಗಿ ಓಡಾಡುತ್ತದೆ. ಅಂಚು ಬಿಡಲು ಶುರುವಾದಾಗಲೇ ಚಿಟಿಕೆ ತೆಗೆದು, ಊದಿ, ಬೆರಳಲ್ಲಿ ಉಂಡೆ ಮಾಡಿ ನೋಡಿ. ಬೆರಳಿಗೆ ಅಂಟಿದರೆ ಇನ್ನೊಂದು ನಿಮಿಷ. ಅಂಟದೆ ಉರುಳಿದರೆ ಆ ಕ್ಷಣವೇ ಇಳಿಸಿ, ಇನ್ನೂ ಸ್ವಲ್ಪ ಗಟ್ಟಿಯಾಗಲಿ ಅಂತ ಕಾಯಬೇಡಿ, ಆರಿದ ಮೇಲೆ ಅದು ತಾನೇ ಗಟ್ಟಿಯಾಗುತ್ತದೆ. ಮೀರಿ ಹೋಗಿ ಪುಡಿಪುಡಿಯಾಯಿತಾ? ಒಂದು ಚಮಚ ಬಿಸಿ ಹಾಲು ಚಿಮುಕಿಸಿ ನಾದಿ. ಆದರೆ ಹಾಲು ಬಿದ್ದದ್ದನ್ನು ಈ ಸೆಕೆಯಲ್ಲಿ ಎರಡೇ ದಿನದಲ್ಲಿ ಮುಗಿಸಬೇಕು.

ಕೈ ತಡೆಯುವಷ್ಟು ಬಿಸಿ ಇರುವಾಗಲೇ ರೋಸ್ ವಾಟರ್ ಹಾಕಿ, ಅಂಗೈಗೆ ಬೆಣ್ಣೆ ಸವರಿ ನಾದಿ. ಜಾಸ್ತಿ ನಾದಿದರೆ ಎಣ್ಣೆ ಬಿಡುತ್ತದೆ. ಅಂಗಡಿಯ ಗುಲಾಬಿ ಎಸೆನ್ಸ್ ಮಾತ್ರ ಬೇಡ, ಸೋಪಿನ ವಾಸನೆ. ಬಣ್ಣಕ್ಕೆ ಬೀಟ್ರೂಟ್ ರಸ ನಾಲ್ಕು ಹನಿ, ಹಳದಿಗೆ ಅರಿಶಿನ ಒಂದೇ ಚಿಟಿಕೆ.

ಅಚ್ಚಿಗೆ ಬೆಣ್ಣೆ ಸವರಿ ಒತ್ತಿ ತೆಗೆಯಿರಿ. ಅಚ್ಚಿಲ್ಲದಿದ್ದರೆ ಊಟದ ಚಮಚದ ಗುಳಿ ಸಾಕು. ಎರಡು ಅರ್ಧದ ಮಧ್ಯೆ ಗುಳಿ ಮಾಡಿ ಬಣ್ಣದ ಸೋಂಪು ತುಂಬಿ. ಜೆಲ್ಲಿ ಮಿಠಾಯಿ ಕೆಲವರಿಗೆ ಇಷ್ಟ, ನನಗೆ ಸೋಂಪೇ ಆಗಬೇಕು, ಕಡಿದಾಗ ಗಲಗಲ ಉದುರುತ್ತದೆ. ಸಕ್ಕರೆ ಪುಡಿಗೆ ನಿಂಬೆರಸ ಹನಿಸಿ ಗಟ್ಟಿಯಾಗಿ ಕಲಸಿ ಎರಡೂ ಅರ್ಧ ಅಂಟಿಸಿ, ಉಳಿದದ್ದರಲ್ಲಿ ಮೇಲೆ ಹೂ ಬಿಡಿಸಿ. ಮೊಟ್ಟೆಯ ಬಿಳಿ ಬೇಡವೇ ಬೇಡ.

ರಾತ್ರಿಯೆಲ್ಲ ಫ್ಯಾನಿನ ಕೆಳಗೆ ಒಣಗಲಿ. ನೀರು ಹಾಕಿದ ಅಗಲ ತಟ್ಟೆಯ ನಡುವೆ ಬಟ್ಟಲು ಬೋರಲು ಹಾಕಿ ಅದರ ಮೇಲೆ ಮೊಟ್ಟೆಯ ತಟ್ಟೆ ಇಡಿ, ಇರುವೆ ಬರುವುದಿಲ್ಲ. ಫ್ರಿಜ್ ಬೇಡ, ಹೊರಗೆ ತೆಗೆದಾಗ ಬೆವೆತು ಬಣ್ಣ ಇಳಿಯುತ್ತದೆ. ಡಬ್ಬಿಯಲ್ಲಿ ನಾಲ್ಕೈದು ದಿನ ಚೆನ್ನಾಗಿರುತ್ತದೆ.

ನಾನು ಮೊಟ್ಟೆಯ ಬಿಳಿ ಬಿಟ್ಟಿದ್ದು ಪಕ್ಕದ ಮನೆಯ ಅಜ್ಜಿಗಾಗಿ. ಅವರು ಲಿಂಗಾಯತರು, ಯುಗಾದಿಗೆ ನಮಗೆ ಹೋಳಿಗೆ ಕೊಡುತ್ತಾರೆ. ಮೊದಲ ಸಲ ತಟ್ಟೆ ಹಿಡಿದು ಹೋದಾಗ, "ಇದ್ರಾಗ ಮೊಟ್ಟೆ ಇಲ್ಲ ಹೌದಿಲ್ಲವಾ?" ಅಂತ ಕೇಳಿದರು. ಇಲ್ಲಜ್ಜಿ, ಬರೀ ಗೋಡಂಬಿ ಅಂದೆ. ಈಗ ಹಬ್ಬದ ಭಾನುವಾರ ನಾನು ಚರ್ಚಿನಲ್ಲಿ ಪೂಜೆ ಮುಗಿಸಿ ಬರುವ ಹೊತ್ತಿಗೆ ಅವರೇ ಬಾಗಿಲಲ್ಲಿ ನಿಂತಿರುತ್ತಾರೆ. ಗುಲಾಬಿ ಬಣ್ಣದ್ದು ಅವರಿಗೆ ಅಂತ ತೆಗೆದಿಟ್ಟಿರುತ್ತೇನೆ.