ಜಾನ್ ಎವರೆಟ್ ಮಿಲೇಯನ್ನು ಅಧ್ಯಯನ ಮಾಡುವ ಕ್ರಮ: ಒಬ್ಬ ವಿಕ್ಟೋರಿಯನ್ ಚಿತ್ರಕಾರನ ಬದುಕು ಮತ್ತು ಕೃತಿಗಳಿಗೆ ಪ್ರವೇಶಿಕೆ

ವಿಕ್ಟೋರಿಯನ್ ಕಾಲದ ಇಂಗ್ಲಿಷ್ ಚಿತ್ರಕಲೆಯನ್ನು ತಿಳಿಯಲು ಹೊರಡುವವರು ಜಾನ್ ಎವರೆಟ್ ಮಿಲೇಯ ಹೆಸರಿಗೆ ಬಂದಾಗ ಸಾಮಾನ್ಯವಾಗಿ ಅವನ ಮದುವೆಯ ಕಥೆಯಿಂದ ಆರಂಭಿಸುತ್ತಾರೆ. ಅವನನ್ನು ಬೆಂಬಲಿಸಿದ ವಿಮರ್ಶಕ ಜಾನ್ ರಸ್ಕಿನ್‌ನ ಪತ್ನಿ ಎಫಿ ಗ್ರೇ, ಆ ವಿವಾಹ ರದ್ದಾದ ಮೇಲೆ ಮಿಲೇಯನ್ನು ವರಿಸಿದಳು ಎಂಬುದು ನಿಜವೇ. ಆದರೆ ಅಲ್ಲಿಂದ ಆರಂಭಿಸಿದವರು ಅವನ ಪ್ರತಿಯೊಂದು ಚಿತ್ರದಲ್ಲೂ ಆ ಕಥೆಯ ಸುಳಿವನ್ನೇ ಹುಡುಕತೊಡಗುತ್ತಾರೆ. ಬಣ್ಣ, ಬೆಳಕು, ಕೈಚಳಕ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಅದಕ್ಕಿಂತ ಹೆಚ್ಚು ಹಾನಿಕರವಾದ ಇನ್ನೊಂದು ಸಿದ್ಧ ಅಭಿಪ್ರಾಯವೂ ಉಂಟು. ಯೌವನದಲ್ಲಿ ಕ್ರಾಂತಿಕಾರಿಯಾಗಿದ್ದ ಮಿಲೇ ಸಂಸಾರಸ್ಥನಾದ ಕೂಡಲೇ ಹಣದ ಹಿಂದೆ ಬಿದ್ದು ಕೆಟ್ಟ ಎನ್ನುವುದು ಅದು. ಈ ತೀರ್ಪನ್ನು ಒಪ್ಪುವುದೋ ಬಿಡುವುದೋ ಓದುಗರಿಗೆ ಸೇರಿದ್ದು. ಆದರೆ ಅದನ್ನು ಪರೀಕ್ಷಿಸದೆ ಒಪ್ಪಬಾರದು. ಪರೀಕ್ಷಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಒಂದೇ ಚಿತ್ರದಿಂದ ಆರಂಭಿಸಿ

ಮೊದಲಿಗೆ 'ಒಫೀಲಿಯಾ'ವನ್ನು ಎತ್ತಿಕೊಳ್ಳುವುದು ಒಳ್ಳೆಯದು. ಷೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್' ನಾಟಕದಲ್ಲಿ ನೀರಿನಲ್ಲಿ ಮುಳುಗಿ ಸಾಯುವ ಹುಡುಗಿ ಈ ಒಫೀಲಿಯಾ. ಲಂಡನ್ನಿನ ಟೇಟ್ ಬ್ರಿಟನ್ ಸಂಗ್ರಹದಲ್ಲಿರುವ ಈ ಚಿತ್ರ ಸುಮಾರು 76 ಸೆಂಟಿಮೀಟರ್ ಎತ್ತರ, 112 ಸೆಂಟಿಮೀಟರ್ ಅಗಲವಿದೆ. ಅಂದರೆ ಪುಸ್ತಕಗಳಲ್ಲಿ ನೋಡಿ ನಾವು ಊಹಿಸಿಕೊಳ್ಳುವಷ್ಟು ದೊಡ್ಡದೇನಲ್ಲ. ನೇರವಾಗಿ ನೋಡುವ ಅವಕಾಶವಿಲ್ಲದವರು ಅದರ ದೊಡ್ಡ ಡಿಜಿಟಲ್ ಪ್ರತಿಯನ್ನು ತೆರೆದು, ನಡುವೆ ತೇಲುತ್ತಿರುವ ಹೆಣ್ಣಿನ ಆಕೃತಿಯನ್ನು ಕಾಗದದ ತುಂಡಿನಿಂದ ಮುಚ್ಚಿಬಿಡಬೇಕು. ಇದು ವಿಚಿತ್ರವೆನಿಸಬಹುದು, ಆದರೆ ಚಿತ್ರ ರೂಪುಗೊಂಡದ್ದೇ ಈ ಕ್ರಮದಲ್ಲಿ. 1851ರ ಬೇಸಿಗೆಯಿಂದ ಚಳಿಗಾಲ ಹತ್ತಿರವಾಗುವವರೆಗೆ ಮಿಲೇ ಸರ್ರೆ ಪ್ರಾಂತದ ಯೂಯೆಲ್ ಬಳಿ ಹಾಗ್ಸ್‌ಮಿಲ್ ಎಂಬ ಸಣ್ಣ ನದಿಯ ದಡದಲ್ಲಿ ಕುಳಿತು ದಂಡೆ, ನೀರು, ಗಿಡ, ಹೂವುಗಳನ್ನಷ್ಟೇ ಚಿತ್ರಿಸಿದ. ಆಕೃತಿಗಾಗಿ ಕ್ಯಾನ್ವಾಸಿನ ನಡುವೆ ಜಾಗವನ್ನು ಖಾಲಿ ಉಳಿಸಿಕೊಂಡಿದ್ದ.

ಆಕೃತಿಯನ್ನು ಮುಚ್ಚಿದ ಮೇಲೆ ದಂಡೆಯನ್ನು ತುಂಡುತುಂಡಾಗಿ ನೋಡುತ್ತ ಹೋಗಿ. ವಿಲೋ ಮರದ ಕೊಂಬೆಯ ಮೇಲೆ ಕುಳಿತ ರಾಬಿನ್ ಹಕ್ಕಿ, ಕಾಡುಗುಲಾಬಿ, ತುರಿಕೆ ಗಿಡ, ನೀರಂಚಿನ ಸಣ್ಣ ನೀಲಿ ಹೂವುಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಬೇರೆ ಬೇರೆ ತಿಂಗಳಲ್ಲಿ ಅರಳುವ ಹೂವುಗಳು ಇಲ್ಲಿ ಅಕ್ಕಪಕ್ಕದಲ್ಲಿರುವುದನ್ನು ಸಸ್ಯಗಳ ಪರಿಚಯವಿರುವವರು ಗುರುತಿಸಬಲ್ಲರು; ಚಿತ್ರ ಸಾಗಿದಂತೆ ಋತುವೂ ಸಾಗಿತ್ತು. ಮುನ್ನೆಲೆಯ ಎಲೆಗೆ ಎಷ್ಟು ಸ್ಪಷ್ಟತೆಯಿದೆಯೋ ಹಿನ್ನೆಲೆಯ ಎಲೆಗೂ ಬಹುಮಟ್ಟಿಗೆ ಅಷ್ಟೇ ಸ್ಪಷ್ಟತೆಯಿದೆ ಎಂಬುದನ್ನು ಗಮನಿಸಬೇಕು. ಲಂಡನ್ನಿನ ಪ್ರತಿಷ್ಠಿತ ಕಲಾಸಂಸ್ಥೆಯಾದ ರಾಯಲ್ ಅಕಾಡೆಮಿಯ ಶಿಕ್ಷಣ ಹೇಳಿಕೊಡುತ್ತಿದ್ದುದು ಇದಕ್ಕೆ ವಿರುದ್ಧವಾದದ್ದನ್ನು: ಮುಖ್ಯವಾದುದಕ್ಕೆ ಬೆಳಕು, ಉಳಿದುದಕ್ಕೆ ಕಂದು ನೆರಳು.

ಈಗ ಕಾಗದವನ್ನು ತೆಗೆಯಬಹುದು. ಲಂಡನ್ನಿನ ಗವರ್ ಸ್ಟ್ರೀಟ್ ಮನೆಯಲ್ಲಿ ಎಲಿಜಬೆತ್ ಸಿಡಲ್ ಎಂಬ ರೂಪದರ್ಶಿ ನೀರು ತುಂಬಿದ ಸ್ನಾನದ ತೊಟ್ಟಿಯಲ್ಲಿ ಮಲಗಿ ಈ ಭಂಗಿಯನ್ನು ನೀಡಿದಳು. ನೀರನ್ನು ಬೆಚ್ಚಗಿಡಲು ತೊಟ್ಟಿಯ ಕೆಳಗೆ ಇಟ್ಟಿದ್ದ ದೀಪಗಳು ಒಮ್ಮೆ ಆರಿಹೋದವು. ಕೆಲಸದಲ್ಲಿ ಮುಳುಗಿದ್ದ ಚಿತ್ರಕಾರನಿಗೆ ಅದು ತಿಳಿಯಲಿಲ್ಲ, ಆಕೆ ಬಾಯಿಬಿಟ್ಟು ಹೇಳಲೂ ಇಲ್ಲ. ಶೀತದಿಂದ ಆಕೆ ಕಾಯಿಲೆ ಬಿದ್ದಾಗ ಆಕೆಯ ತಂದೆ ಪರಿಹಾರಕ್ಕಾಗಿ ಮೊಕದ್ದಮೆ ಹೂಡುವುದಾಗಿ ಬೆದರಿಸಿದ್ದರಿಂದ ವೈದ್ಯರ ಖರ್ಚನ್ನು ಮಿಲೇಯೇ ಕೊಡಬೇಕಾಯಿತು. ಆಕೆ ತೊಟ್ಟಿದ್ದ, ಬೆಳ್ಳಿಯ ಕಸೂತಿಯ ಹಳೆಯ ಉಡುಪನ್ನು ಅವನು ನಾಲ್ಕು ಪೌಂಡಿಗೆ ಕೊಂಡಿದ್ದ. ಇಂಥ ಪ್ರಸಂಗಗಳನ್ನು ಕೇವಲ ರಂಜನೆಗಾಗಿ ಓದಬಾರದು. ಕಣ್ಣೆದುರು ಇಲ್ಲದ್ದನ್ನು ಕಲ್ಪಿಸಿ ಬರೆಯಲಾರೆ ಎಂಬ ಹಟ ಎಷ್ಟು ದೂರ ಹೋಗಿತ್ತು ಎಂಬುದಕ್ಕೆ ಅವು ಸಾಕ್ಷ್ಯ. ಆ ಹಟದ ಬೆಲೆಯನ್ನು ತೆತ್ತವಳು ರೂಪದರ್ಶಿ ಎಂಬುದೂ ಮರೆಯತಕ್ಕದ್ದಲ್ಲ.

ಬಣ್ಣಗಳ ಹೊಳಪಿಗೆ ಕಾರಣವೇನೆಂದು ಕೇಳಿಕೊಳ್ಳುವುದು ಮುಂದಿನ ಹೆಜ್ಜೆ. ಮಿಲೇ ಮತ್ತು ಅವನ ಗೆಳೆಯ ವಿಲಿಯಂ ಹೋಲ್ಮನ್ ಹಂಟ್ ಕಂದು ತಳಬಣ್ಣವನ್ನು ಕೈಬಿಟ್ಟು ಬಿಳಿಯ ನೆಲೆಯ ಮೇಲೆ ತೆಳುವಾದ, ಪಾರದರ್ಶಕವಾದ ಬಣ್ಣಗಳನ್ನು ಹಚ್ಚಿದರು. ಆ ದಿನ ಮುಗಿಸಬಹುದಾದಷ್ಟು ಭಾಗಕ್ಕೆ ಮಾತ್ರ ಬಿಳಿಬಣ್ಣವನ್ನು ಹಸಿಯಾಗಿ ಬಳಿದು, ಅದು ಆರುವ ಮೊದಲೇ ಸಣ್ಣ ಕುಂಚದಿಂದ ಅದರ ಮೇಲೆ ಚಿತ್ರಿಸುವ ವಿಧಾನವನ್ನು ಹಂಟ್ ವಿವರಿಸಿದ್ದಾನೆ. ಬೆಳಕು ತೆಳುಬಣ್ಣದ ಮೂಲಕ ಹಾದು ಕೆಳಗಿನ ಬಿಳುಪಿಗೆ ತಾಗಿ ಹಿಂದಿರುಗುವುದರಿಂದ ಬಣ್ಣ ಒಳಗಿನಿಂದಲೇ ಬೆಳಗಿದಂತೆ ತೋರುತ್ತದೆ. ಈ ವಿಧಾನದಲ್ಲಿ ತಿದ್ದುಪಡಿಗೆ ಅವಕಾಶ ಕಡಿಮೆ, ದಿನಕ್ಕೆ ಮುಗಿಯುವ ಜಾಗವೂ ಕಡಿಮೆ. ತವರದ ಟ್ಯೂಬುಗಳಲ್ಲಿ ತುಂಬಿದ ತೈಲವರ್ಣ 1840ರ ದಶಕದಲ್ಲಿ ಬಳಕೆಗೆ ಬಂದಿರದಿದ್ದರೆ ನದಿದಂಡೆಯಲ್ಲಿ ತಿಂಗಳುಗಟ್ಟಲೆ ಹೀಗೆ ಕೆಲಸ ಮಾಡುವುದು ಬಹಳ ಕಷ್ಟವಾಗುತ್ತಿತ್ತು.

ಎರಡು ಅಂಕಣಗಳ ಪಟ್ಟಿ

ಒಂದು ಚಿತ್ರ ಕಣ್ಣಿಗೆ ಒಗ್ಗಿದ ಮೇಲೆ ಟಿಪ್ಪಣಿ ಪುಸ್ತಕದಲ್ಲಿ ಎರಡು ಅಂಕಣಗಳನ್ನು ಮಾಡಿ, ಎಡಕ್ಕೆ ಬದುಕಿನ ಘಟನೆಗಳನ್ನೂ ಬಲಕ್ಕೆ ಚಿತ್ರಗಳನ್ನೂ ವರ್ಷಾನುಕ್ರಮವಾಗಿ ಬರೆದುಕೊಳ್ಳಬೇಕು. ಎಡ ಅಂಕಣ ಹೀಗೆ ಸಾಗುತ್ತದೆ: 1829ರ ಜೂನ್ 8ರಂದು ಸೌತಾಂಪ್ಟನ್ನಿನಲ್ಲಿ, ಜರ್ಸಿ ದ್ವೀಪದ ಮೂಲದ ಕುಟುಂಬದಲ್ಲಿ ಜನನ, 1840ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ರಾಯಲ್ ಅಕಾಡೆಮಿಯ ಶಾಲೆಗೆ ಪ್ರವೇಶ, 1848ರಲ್ಲಿ ಗವರ್ ಸ್ಟ್ರೀಟ್ ಮನೆಯಲ್ಲಿ ಹಂಟ್, ದಾಂತೆ ಗೇಬ್ರಿಯಲ್ ರೊಸೆಟ್ಟಿ ಮೊದಲಾದವರೊಡನೆ ಏಳು ಜನರ ಪ್ರಿ-ರಾಫೇಲೈಟ್ ಬಳಗದ (ಪ್ರಿ-ರಾಫೇಲೈಟ್ ಬ್ರದರ್‌ಹುಡ್, ಅಂದರೆ ರಾಫೇಲನಿಗಿಂತ ಹಿಂದಿನ ಕಲೆಯತ್ತ ನೋಡಿದ ಯುವ ಕಲಾವಿದರ ಕೂಟದ) ಸ್ಥಾಪನೆ, 1853ರಲ್ಲಿ ಅಕಾಡೆಮಿಯ ಸಹಸದಸ್ಯತ್ವ, 1855ರ ಜುಲೈ 3ರಂದು ಎಫಿಯೊಡನೆ ಮದುವೆ, 1863ರಲ್ಲಿ ಪೂರ್ಣ ಸದಸ್ಯತ್ವ, 1885ರಲ್ಲಿ ಬ್ಯಾರೊನೆಟ್ ಎಂಬ ವಂಶಪಾರಂಪರ್ಯ ಪದವಿ, 1896ರ ಆರಂಭದಲ್ಲಿ ಅಕಾಡೆಮಿಯ ಅಧ್ಯಕ್ಷತೆ, ಅದೇ ವರ್ಷ ಆಗಸ್ಟ್ 13ರಂದು ಗಂಟಲಿನ ಕ್ಯಾನ್ಸರಿನಿಂದ ಮರಣ, ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಸಮಾಧಿ.

ಬಲ ಅಂಕಣವನ್ನು 1849ರ 'ಇಸಬೆಲ್ಲಾ'ದಿಂದ ತೊಡಗಿ. ಲಿವರ್‌ಪೂಲಿನ ವಾಕರ್ ಗ್ಯಾಲರಿಯಲ್ಲಿರುವ ಆ ಚಿತ್ರದಲ್ಲಿ ನಾಯಕಿ ಕುಳಿತ ಪೀಠದ ಮೇಲೆ ಪಿ.ಆರ್.ಬಿ. ಎಂಬ ಮೂರು ಅಕ್ಷರಗಳನ್ನು ಕೆತ್ತಿದಂತೆ ತೋರಿಸಲಾಗಿದೆ. ಬಳಗದ ಗುಟ್ಟಿನ ಸಹಿ ಅದು. ಹುಡುಕಿ ನೋಡಿ, ಸಿಗುತ್ತದೆ. 1850ರಲ್ಲಿ ಬಡಗಿಯ ಮನೆಯಲ್ಲಿರುವ ಬಾಲ ಯೇಸುವಿನ ಚಿತ್ರ, 1851ರಲ್ಲಿ 'ಮರಿಯಾನಾ', 1852ರಲ್ಲಿ 'ಒಫೀಲಿಯಾ', 1856ರಲ್ಲಿ 'ಆಟಮ್ ಲೀವ್ಸ್' ಮತ್ತು 'ದ ಬ್ಲೈಂಡ್ ಗರ್ಲ್', 1859ರಲ್ಲಿ 'ದ ವೇಲ್ ಆಫ್ ರೆಸ್ಟ್' ಬರುತ್ತವೆ.

ಎರಡೂ ಅಂಕಣಗಳನ್ನು ಜೋಡಿಸಿ ಓದಿದ ಕೂಡಲೇ ಮೇಲೆ ಹೇಳಿದ ಸಿದ್ಧ ತೀರ್ಪು ಅಲುಗಾಡತೊಡಗುತ್ತದೆ. ಸಂಜೆಯ ಮಬ್ಬಿನಲ್ಲಿ ನಾಲ್ವರು ಹುಡುಗಿಯರು ಒಣಗಿದ ಎಲೆಗಳನ್ನು ರಾಶಿ ಹಾಕುತ್ತಿರುವ 'ಆಟಮ್ ಲೀವ್ಸ್' ಮದುವೆಯ ನಂತರ, ಸ್ಕಾಟ್ಲೆಂಡಿನ ಪರ್ತ್‌ನಲ್ಲಿ ಬರೆದದ್ದು. ಆ ಹುಡುಗಿಯರಲ್ಲಿ ಇಬ್ಬರು ಎಫಿಯ ತಂಗಿಯರು. ಕಥೆಯಿಲ್ಲದೆ, ನೀತಿಯಿಲ್ಲದೆ, ಬರೀ ಹೊತ್ತು ಮತ್ತು ಹೊಗೆಯಿಂದ ಕಟ್ಟಿದ ಈ ಚಿತ್ರವನ್ನು ನಾನು 'ಒಫೀಲಿಯಾ'ಕ್ಕಿಂತ ಮೇಲಿನದೆಂದು ಎಣಿಸುತ್ತೇನೆ. ಮದುವೆಯೇ ಅವನನ್ನು ಕೆಡಿಸಿತು ಎನ್ನುವವರು ಇದನ್ನು ಎಲ್ಲಿ ಇಡುತ್ತಾರೋ ತಿಳಿಯದು.

'ದ ಬ್ಲೈಂಡ್ ಗರ್ಲ್' ಕೂಡ ಅದೇ ವರ್ಷ ಪ್ರದರ್ಶಿತವಾದದ್ದು. ಅದು ಬರ್ಮಿಂಗ್‌ಹ್ಯಾಮ್ ಸಂಗ್ರಹದಲ್ಲಿದೆ. ಸಸೆಕ್ಸಿನ ವಿಂಚೆಲ್ಸೀ ಊರಿನ ಮುಂದಿನ ಬಯಲಿನಲ್ಲಿ ಕುರುಡಿಯೊಬ್ಬಳು ಮಡಿಲಲ್ಲಿ ಕನ್ಸರ್ಟಿನಾ ವಾದ್ಯವನ್ನಿಟ್ಟುಕೊಂಡು ಕುಳಿತಿದ್ದಾಳೆ. ಹಿಂದೆ ಜೋಡಿ ಕಾಮನಬಿಲ್ಲು. ಅವಳ ಬೆರಳುಗಳು ಹುಲ್ಲನ್ನು ಮುಟ್ಟುತ್ತಿವೆ, ಶಾಲಿನ ಮೇಲೆ ಚಿಟ್ಟೆ ಕುಳಿತಿದೆ. ಅವಳಿಗೆ ಕಾಣದ್ದೆಲ್ಲ ನಮಗೆ ಕಾಣುತ್ತಿದೆ. ಜೋಡಿ ಬಿಲ್ಲಿನಲ್ಲಿ ಹೊರಗಿನದರ ಬಣ್ಣಗಳು ತಿರುವುಮುರುವಾಗಿರಬೇಕು. ಮಿಲೇ ಮೊದಲು ಎರಡರಲ್ಲೂ ಬಣ್ಣಗಳನ್ನು ಒಂದೇ ಕ್ರಮದಲ್ಲಿ ಬರೆದಿದ್ದು, ಯಾರೋ ತೋರಿಸಿಕೊಟ್ಟ ಮೇಲೆ ತಿದ್ದಿದ. ನಿಸರ್ಗವನ್ನೇ ನೋಡಿ ಬರೆಯುತ್ತೇವೆಂದು ಸಾರಿದ್ದ ಬಳಗದವನಿಂದ ಆದ ಈ ಲೋಪ, ಯಾವ ಘೋಷಣೆಯನ್ನೂ ಚಿತ್ರದೊಡನೆ ಹೋಲಿಸದೆ ನಂಬಬಾರದೆಂದು ಕಲಿಸುತ್ತದೆ.

ಸಮಕಾಲೀನರ ಮಾತನ್ನು ಚಿತ್ರದ ಎದುರಿಟ್ಟು ಓದಿ

ಬಾಲ ಯೇಸುವಿನ ಚಿತ್ರ 1850ರಲ್ಲಿ ಅಕಾಡೆಮಿಯ ಪ್ರದರ್ಶನದಲ್ಲಿ ಶೀರ್ಷಿಕೆಯಿಲ್ಲದೆ, ಬೈಬಲಿನ ಒಂದು ವಚನದೊಡನೆ ತೂಗಿತ್ತು. ಚಾರ್ಲ್ಸ್ ಡಿಕನ್ಸ್ ತನ್ನ ವಾರಪತ್ರಿಕೆಯಲ್ಲಿ ಅದನ್ನು ಅತ್ಯಂತ ಕಟುವಾಗಿ ಹಳಿದ. ಯೇಸುವಿನ ತಾಯಿ ಮರಿಯಳ ಆಕೃತಿ ಅವನಿಗೆ ಸಹಿಸಲಾಗದಷ್ಟು ಕುರೂಪವೆನಿಸಿತು. ಗದ್ದಲ ಎಷ್ಟಾಯಿತೆಂದರೆ ವಿಕ್ಟೋರಿಯಾ ರಾಣಿ ಚಿತ್ರವನ್ನು ತನ್ನ ಬಳಿಗೇ ತರಿಸಿಕೊಂಡು ನೋಡಿದಳು. ಈಗ ಚಿತ್ರದ ಮುಂದೆ ನಿಂತವರಿಗೆ ಅದರಲ್ಲಿ ಅಂಥದ್ದೇನಿದೆ ಎನಿಸುತ್ತದೆ. ಅಷ್ಟಕ್ಕೇ ನಿಲ್ಲಿಸದೆ ದೂರನ್ನು ಹುಡುಕಿಕೊಂಡು ಹೋಗಬೇಕು: ನೆಲದ ಮೇಲಿನ ಮರದ ಸಿಪ್ಪೆಗಳು, ಜೋಸೆಫನ ನರ ಉಬ್ಬಿದ ತೋಳುಗಳು, ಮಾಸಿದ ಕಾಲುಗಳು. ಮಿಲೇ ನಿಜವಾದ ಬಡಗಿಯ ಅಂಗಡಿಯಲ್ಲಿ ಕುಳಿತು ಚಿತ್ರಿಸಿದ್ದ. ಜೋಸೆಫನ ಮೈಗೆ ಬಡಗಿಯೊಬ್ಬನನ್ನೂ ತಲೆಗೆ ತನ್ನ ತಂದೆಯನ್ನೂ ಮಾದರಿಯಾಗಿಸಿದ್ದ. ಬಾಗಿಲಾಚೆಗೆ ಕಾಣುವ ಕುರಿಗಳಿಗಾಗಿ ಕಟುಕನ ಅಂಗಡಿಯಿಂದ ತಲೆಗಳನ್ನು ತರಿಸಿದ್ದ. ಪವಿತ್ರ ಕುಟುಂಬವನ್ನು ದುಡಿಯುವ ಬಡವರಂತೆ ತೋರಿಸಿದ್ದೇ ಅಪರಾಧವಾಗಿತ್ತು. ಬಡವರ ಬಗ್ಗೆ ಅಷ್ಟೊಂದು ಬರೆದ ಡಿಕನ್ಸ್‌ನಿಗೇ ಅದು ಅಪರಾಧವಾಗಿ ಕಂಡದ್ದು ಆ ಕಾಲದ ಮನೋಧರ್ಮದ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

ರಸ್ಕಿನ್‌ನ ಮಾತುಗಳನ್ನು ಓದುವಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಅವನು 1851ರಲ್ಲಿ 'ಟೈಮ್ಸ್' ಪತ್ರಿಕೆಗೆ ಪತ್ರ ಬರೆದು ಬಳಗವನ್ನು ಸಮರ್ಥಿಸಿದ. 1853ರ ಬೇಸಿಗೆಯಲ್ಲಿ ಮಿಲೇಯೊಡನೆ ಸ್ಕಾಟ್ಲೆಂಡಿನ ಗ್ಲೆನ್‌ಫಿನ್ಲಾಸ್‌ಗೆ ಹೋಗಿ, ಝರಿಯ ಪಕ್ಕದ ಬಂಡೆಗಳ ಮೇಲೆ ನಿಂತ ತನ್ನ ಭಾವಚಿತ್ರವನ್ನು ಬರೆಸಿಕೊಳ್ಳತೊಡಗಿದ. ಎಫಿಯ ವಿವಾಹ ಮುರಿದದ್ದು ಆ ಚಿತ್ರ ಮುಗಿಯುವುದರೊಳಗೆ. 1857ರಲ್ಲಿ ಕುದುರೆಯ ಮೇಲೆ ಮಕ್ಕಳನ್ನು ಹೊಳೆ ದಾಟಿಸುವ ವೃದ್ಧ ಯೋಧನ ಚಿತ್ರ 'ಸರ್ ಇಸಂಬ್ರಾಸ್' ಬಂದಾಗ ರಸ್ಕಿನ್ ಅದನ್ನು ದೊಡ್ಡ ಪತನವೆಂದು ಜರೆದ. ಇದು ವೈಯಕ್ತಿಕ ದ್ವೇಷವೆಂದು ಬರೆದಿಡುವ ಆತುರ ಯಾರಿಗೂ ಆಗುತ್ತದೆ. ಆದರೆ ಅದರ ಹಿಂದಿನ ವರ್ಷ, ಅಂದರೆ ಮಿಲೇ ಎಫಿಯನ್ನು ಮದುವೆಯಾದ ಮೇಲೆಯೇ, 'ಆಟಮ್ ಲೀವ್ಸ್'ನ ಮುಸ್ಸಂಜೆಯನ್ನು ಮನಸಾರೆ ಹೊಗಳಿದವನೂ ಅದೇ ರಸ್ಕಿನ್. ಎರಡೂ ಬರಹಗಳನ್ನು ಓದಿದವರಿಗೆ ದ್ವೇಷದ ವಿವರಣೆ ಸಾಲದಾಗುತ್ತದೆ.

ಹಣದ ಲೆಕ್ಕ

'ಒಫೀಲಿಯಾ' ಪ್ರದರ್ಶನಕ್ಕೆ ಬರುವ ಮೊದಲೇ, 1851ರ ಡಿಸೆಂಬರಿನಲ್ಲಿ, ಹೆನ್ರಿ ಫ್ಯಾರರ್ ಎಂಬ ಕಲಾ ವ್ಯಾಪಾರಿಗೆ 300 ಗಿನಿಗೆ ಮಾರಾಟವಾಯಿತು. ಗಿನಿಗೆ 21 ಶಿಲಿಂಗ್‌ನಂತೆ ಇದು 315 ಪೌಂಡ್. ಹಾಗಾಗಿ ಅವನ ಬಡ ಆದರ್ಶವಾದಿ ಯೌವನ ಎಂಬ ಕಲ್ಪನೆಯನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಅವನ ಚಿತ್ರಗಳಿಗೆ ಮೊದಲಿನಿಂದಲೂ ಕೊಳ್ಳುವವರಿದ್ದರು. ಎಂಟು ಮಕ್ಕಳ ಸಂಸಾರ ಬೆಳೆದಂತೆ ಅವನು ಮರದಚ್ಚಿನ ಮುದ್ರಣಕ್ಕೂ ಬಹಳಷ್ಟು ಚಿತ್ರಗಳನ್ನು ಬರೆದ. ಆಂಥನಿ ಟ್ರಾಲಪ್‌ನ ಕಾದಂಬರಿಗಳಿಗೆ 1860ರ ದಶಕದಲ್ಲಿ ಬರೆದ ಸಣ್ಣ ಕಪ್ಪುಬಿಳುಪು ಚಿತ್ರಗಳನ್ನು ಅನೇಕರು ಕಡೆಗಣಿಸುತ್ತಾರೆ; ಕುರ್ಚಿಯಲ್ಲಿ ಕುಳಿತವರ ಬೆನ್ನಿನ ಬಾಗಿನಲ್ಲೇ ಇಡೀ ಸಂಬಂಧವನ್ನು ಹೇಳುವ ಅವನ ಶಕ್ತಿಯನ್ನು ಅಲ್ಲಿ ನೋಡಬೇಕು.

1886ರ 'ಬಬಲ್ಸ್' ಸಂಗತಿ ಇಲ್ಲಿಗೇ ಸೇರುತ್ತದೆ. ಸೋಪಿನ ಗುಳ್ಳೆಯನ್ನು ದಿಟ್ಟಿಸುವ ಆ ಹುಡುಗ ಮಿಲೇಯ ಮೊಮ್ಮಗ. ಚಿತ್ರವನ್ನು ಕೊಂಡವನು ಪತ್ರಿಕೆಯೊಂದರ ಒಡೆಯನಾದ ವಿಲಿಯಂ ಇಂಗ್ರಮ್; ಅವನಿಂದ ಅದು ಹಕ್ಕುಗಳ ಸಮೇತ ಪಿಯರ್ಸ್ ಸೋಪು ಕಂಪನಿಯ ಕೈಸೇರಿ, ಮೂಲದಲ್ಲಿಲ್ಲದ ಸೋಪಿನ ತುಂಡೊಂದನ್ನು ಸೇರಿಸಿಕೊಂಡು ಜಾಹೀರಾತಾಗಿ ಮನೆಮನೆಗೆ ಹೋಯಿತು. ಮಿಲೇ ಸೋಪಿಗಾಗಿಯೇ ಇದನ್ನು ಬರೆದ ಎಂದು ಎಲ್ಲಾದರೂ ಓದಿದರೆ ಅದನ್ನು ತಪ್ಪೆಂದು ಗುರುತು ಹಾಕಿಕೊಳ್ಳಿ.

ಉತ್ತರಾರ್ಧದ ಚಿತ್ರಗಳಿಗೆ ಬೇರೆ ಅಳತೆ

'ಒಫೀಲಿಯಾ'ವನ್ನು ನೋಡಿದ ಕಣ್ಣಿನಿಂದಲೇ 1870ರ ನಂತರದ ಚಿತ್ರಗಳನ್ನು ನೋಡಿದರೆ ಅವು ಒರಟಾಗಿ, ಅವಸರದಲ್ಲಿ ಮುಗಿಸಿದಂತೆ ಕಾಣುತ್ತವೆ. ಹತ್ತಿರದಿಂದ ಹೂವು ಎಣಿಸುವ ಅಭ್ಯಾಸವನ್ನು ಇಲ್ಲಿ ಬಿಟ್ಟು, ಕೆಲವು ಹೆಜ್ಜೆ ಹಿಂದೆ ಸರಿದು ನೋಡಬೇಕು. ಪರದೆಯ ಮೇಲಾದರೆ ಚಿತ್ರವನ್ನು ಚಿಕ್ಕದಾಗಿಸಬೇಕು. ಅಕಾಡೆಮಿಗೆ ಒಪ್ಪಿಸಿದ ಸದಸ್ಯತ್ವದ ಕೃತಿಗೆ ಅವನು ಹದಿನೇಳನೆಯ ಶತಮಾನದ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್‌ನ ಹೆಸರನ್ನೇ ಇಟ್ಟಿದ್ದ ಎಂಬುದು ಅವನು ಯಾರ ಕುಂಚದ ಕಡೆ ತಿರುಗಿದ್ದ ಎಂಬುದನ್ನು ತಿಳಿಸುತ್ತದೆ. ಪ್ರಧಾನಿಗಳಾಗಿದ್ದ ಗ್ಲ್ಯಾಡ್‌ಸ್ಟನ್, ಡಿಸ್ರೇಲಿ, ಲೇಖಕ ಕಾರ್ಲೈಲ್ ಅವರ ಭಾವಚಿತ್ರಗಳಲ್ಲಿ ಕೋಟು, ಹಿನ್ನೆಲೆಗಳನ್ನು ಅಗಲ ಕುಂಚದಿಂದ ಬಳಿದುಬಿಟ್ಟು ಮುಖದ ಮೇಲೆ ಎಲ್ಲ ಗಮನವನ್ನೂ ಸುರಿದಿದ್ದಾನೆ. 'ಬಾಯ್‌ಹುಡ್ ಆಫ್ ರಾಲಿ'ಯಂಥ ಜನಪ್ರಿಯ ಚಿತ್ರಗಳ ಭಾವುಕತೆ ನನಗೆ ಸ್ವಲ್ಪ ಹೆಚ್ಚೆನಿಸುತ್ತದೆ. ಆದರೆ ಅದೇ 1870ರ 'ಚಿಲ್ ಅಕ್ಟೋಬರ್', ಪರ್ತ್‌ಷೈರಿನ ಜೌಗುನೆಲದ ಜೊಂಡು ಗಾಳಿಗೆ ಬಾಗುವ, ಮನುಷ್ಯರೇ ಇಲ್ಲದ ದೊಡ್ಡ ನಿಸರ್ಗಚಿತ್ರ, ಬೇರೆಯೇ ಮಟ್ಟದ್ದು. ವ್ಯಾನ್ ಗೋ ತನ್ನ ಪತ್ರಗಳಲ್ಲಿ ಇದನ್ನು ಮೆಚ್ಚಿ ನೆನೆದಿದ್ದಾನೆ.

ಜೀವನಚರಿತ್ರೆಗಳನ್ನು ಇಷ್ಟಾದ ಮೇಲೆ ತೆರೆಯಬಹುದು. ಮಿಲೇಯ ಮಗ 1899ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳು ಪತ್ರಗಳ ದೊಡ್ಡ ಭಂಡಾರವಾದರೂ, ಯಾವುದನ್ನು ಅಚ್ಚು ಹಾಕಬೇಕೆಂದು ಆಯ್ದವನು ತಂದೆಯ ಕೀರ್ತಿಯನ್ನು ಕಾಯುವ ಮಗ ಎಂಬುದನ್ನು ಮರೆಯಬಾರದು. ಹಂಟ್‌ನ ನೆನಪುಗಳು ಅಚ್ಚಾದದ್ದು 1905ರಲ್ಲಿ, ಬಳಗ ಹುಟ್ಟಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಬಳಗದ ಮೂಲ ಚೈತನ್ಯ ತಾನೇ ಎಂದು ಸಾಧಿಸುವ ಹವಣಿಕೆ ಅದರಲ್ಲಿ ಎದ್ದು ಕಾಣುತ್ತದೆ. ಈ ಪುಸ್ತಕಗಳ ಮಾತಿಗೂ 1850ರ ದಶಕದಲ್ಲೇ ಬರೆದ ಪತ್ರಕ್ಕೂ ಹೊಂದಿಕೆಯಾಗದಿದ್ದಾಗ, ನಿಮ್ಮ ಪಟ್ಟಿಯಲ್ಲಿ ಪತ್ರದ ಮಾತನ್ನು ಮೊದಲು ಬರೆದುಕೊಂಡು ಪುಸ್ತಕದ ಮಾತನ್ನು ಅದರ ಕೆಳಗೆ, ಅಚ್ಚಾದ ವರ್ಷದ ಸಮೇತ, ಸೇರಿಸಿಕೊಳ್ಳಿ.