ಮೊದಲ ವರ್ಷದ ಕ್ಲಾಸಲ್ಲಿ ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಏನು ಹೇಳಬೇಕು?

ಇಂಜಿನಿಯರಿಂಗ್ ಸೇರಿದ ಮೊದಲ ವಾರ ಪಾಠಕ್ಕಿಂತ ಪರಿಚಯವೇ ಜಾಸ್ತಿ. ಇಂಡಕ್ಷನ್‌ನಲ್ಲಿ ಒಂದು ಸಲ, ಆಮೇಲೆ ಹೊಸ ಲೆಕ್ಚರರ್ ಬಂದಾಗೆಲ್ಲ ಇನ್ನೊಂದು ಸಲ. ಎಲ್ಲರೂ ಸಾಲಾಗಿ ಎದ್ದು ಹೆಸರು, ಜಿಲ್ಲೆ, ಪಿಯು ಕಾಲೇಜು, ‘ಹಾಬಿ ಕ್ರಿಕೆಟ್’ ಅಂತ ಹೇಳಿ ಕೂತರೆ ಯಾರಿಗೆ ಯಾರು ನೆನಪಿರುತ್ತಾರೆ? ನಾನೀಗ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜೊಂದರಲ್ಲಿ ಸಿವಿಲ್ ಮೂರನೇ ವರ್ಷ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಕ್ಲಾಸ್ ಮುಗಿದ ಮೇಲೆ ಯಾರಾದರೂ ಬಂದು ಏನಾದರೂ ಕೇಳುವ ಹಾಗೆ ಮಾತಾಡಿ.

ಅದಕ್ಕೆ ಊರನ್ನು ಬಿಡಿಸಿ ಹೇಳಿ. ‘ತುಮಕೂರು ಡಿಸ್ಟ್ರಿಕ್ಟ್’ ಅಂದರೆ ಮಾತು ಅಲ್ಲಿಗೇ ಮುಗಿಯಿತು. ಹೆಸರಾದ ಮೇಲೆ ನಾನು ಹೇಳುತ್ತಿದ್ದದ್ದು ಹೀಗೆ: ‘ತಿಪಟೂರು ಹತ್ರದ ಹಳ್ಳಿ. ನಮ್ದು ತೆಂಗಿನ ತೋಟ, ಅಟ್ಟದ ತುಂಬ ಕಾಯಿ. ಅದು ಒಣಗಿ ಉಂಡೆ ಕೊಬ್ಬರಿ ಆಗೋಕೆ ತಿಂಗಳುಗಟ್ಟಲೆ ಬೇಕು. ಕೆಮಿಸ್ಟ್ರಿ ಅಂದ್ರೆ ಭಯ, ಡ್ರಾಯಿಂಗ್ ಇಷ್ಟ.’ ಊಟದ ಹೊತ್ತಿಗೆ ‘ಕೊಬ್ಬರಿ ಎಲ್ಲಿ?’ ಅಂತ ಬಂದು ಕೂತವರೇ ಈಗಲೂ ನನ್ನ ಜೊತೆಗಿರುವವರು. ತೋಟ ಇಲ್ಲದಿದ್ದರೆ ಬೇರೆ ಏನೋ ಇದ್ದೇ ಇರುತ್ತದೆ. ಡೊಳ್ಳು ಬಾರಿಸುತ್ತೀರಾ? ಕೆಟ್ಟ ಮಿಕ್ಸಿ ಬಿಚ್ಚಿ ರಿಪೇರಿ ಮಾಡುತ್ತೀರಾ? ಅದನ್ನೇ ಹೇಳಿ.

ಇಂಗ್ಲಿಷ್‌ನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಬೇಡಿ. ನಡುವೆ ಒಂದು ಪದ ಮರೆತರೆ ಸಾಕು, ಎಲ್ಲವೂ ಕೈಕೊಡುತ್ತದೆ. ಬೇರೆ ರಾಜ್ಯದವರೂ ಇರುತ್ತಾರೆ, ನಿಜ. ಅವರಿಗಾಗಿ ಎರಡು ಸರಳ ವಾಕ್ಯ ಇಂಗ್ಲಿಷ್‌ನಲ್ಲಿ ಹೇಳಿ, ಉಳಿದದ್ದು ಕನ್ನಡದಲ್ಲೇ ಇರಲಿ. ನಮಗೆ ಸಾಂಸ್ಕೃತಿಕ ಕನ್ನಡ ಇದ್ದರೆ ಅವರಿಗೆ ಬಳಕೆ ಕನ್ನಡ ಅಂತ ಪೇಪರ್ ಇದೆ. ಇಂಟರ್ನಲ್ಸ್ ಹತ್ತಿರ ಬಂದಾಗ ಅವರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಸಿಇಟಿ ರ‍್ಯಾಂಕ್ ಹೇಳಬೇಡಿ, ಕೇಳಲೂ ಬೇಡಿ. ಯಾವ ಕೋಟಾ, ಎಷ್ಟು ಡೊನೇಷನ್ ಅನ್ನೋದಂತೂ ಬೇಡವೇ ಬೇಡ. ಯಾರಾದರೂ ಕೆದಕಿದರೆ ‘ಸೀಟ್ ಸಿಕ್ತು, ಬಂದೆ’ ಅಂದರೆ ಆಯ್ತು.

ಎದ್ದು ನಿಂತು ಹೇಳುವ ಪರಿಚಯಕ್ಕಿಂತ ಪಕ್ಕದವರ ಹತ್ತಿರ ಆಡುವ ಮಾತು ಮುಖ್ಯ. ಯುಎಸ್‌ಎನ್, ಅಂದರೆ ಯೂನಿವರ್ಸಿಟಿ ಕೊಡುವ ನಿಮ್ಮ ನಂಬರ್, ಬಂದ ಕೂಡಲೇ ಕೊನೆಯ ಮೂರು ಅಂಕಿ ನೋಡಿ, ನಿಮ್ಮ ಹಿಂದಿನವರು, ಮುಂದಿನವರು ಯಾರು ಅಂತ ಪತ್ತೆ ಮಾಡಿ ಮಾತಾಡಿಸಿ. ನಮ್ಮಲ್ಲಿ ಲ್ಯಾಬ್ ಬ್ಯಾಚ್ ಮಾಡುವುದು ಆ ನಂಬರ್ ಪ್ರಕಾರವೇ. ವೈವಾಗೆ ಬಾಗಿಲಾಚೆ ನಿಂತು ನಡುಗುವಾಗ ಪಕ್ಕದಲ್ಲಿ ಇರುವವರೂ ಅವರೇ. ನನ್ನ ಮುಂದಿನ ನಂಬರ್‌ನವಳು ಮೊದಲ ತಿಂಗಳು ತುಟಿ ಬಿಚ್ಚಲಿಲ್ಲ. ಟೈಟ್ರೇಷನ್‌ನಲ್ಲಿ ಬ್ಯೂರೆಟ್ ರೀಡಿಂಗ್ ಜಗಳದಿಂದ ಶುರುವಾದ ಮಾತು ಇನ್ನೂ ನಿಂತಿಲ್ಲ.

ಮೊದಲ ವರ್ಷದವರನ್ನು ಫಿಸಿಕ್ಸ್, ಕೆಮಿಸ್ಟ್ರಿ ಅಂತ ಎರಡು ಗುಂಪು ಮಾಡಿರುತ್ತಾರೆ, ಅದಕ್ಕೆ ಸೈಕಲ್ ಅಂತಾರೆ. ಇನ್ನೊಂದು ಸೈಕಲ್‌ನಲ್ಲೂ ಒಬ್ಬರ ಪರಿಚಯ ಇಟ್ಟುಕೊಳ್ಳಿ. ನೀವು ಫಿಸಿಕ್ಸ್ ಸೈಕಲ್ ಆದರೆ ಅವರು ಕೆಮಿಸ್ಟ್ರಿ, ಮುಂದಿನ ಸೆಮ್‌ಗೆ ಅದಲು ಬದಲು. ಆಗ ನೋಟ್ಸ್, ಲ್ಯಾಬ್ ಕೋಟ್ ಎಲ್ಲ ಕೈ ಬದಲಾಗುತ್ತವೆ, ಸುಮ್ನೆ ದುಡ್ಡು ಯಾಕೆ ಖರ್ಚು?

ಸೀನಿಯರ್‌ಗಳು ‘ಇಂಟ್ರೋ ಕೊಡು’ ಅಂದರೆ ಹೆಸರು, ಬ್ರಾಂಚ್ ಹೇಳಿ ಹೊರಡಿ. ಹಾಡು, ಕುಣಿ ಅಂತ ಬಲವಂತ ಮಾಡಿದರೆ ಅದು ಪರಿಚಯ ಅಲ್ಲ, ರ‍್ಯಾಗಿಂಗ್. ಸಹಾಯವಾಣಿ 1800-180-5522, ಈಗಲೇ ಫೋನಲ್ಲಿ ಸೇವ್ ಮಾಡಿಕೊಳ್ಳಿ.